ಶೇಷಗಳನ್ನು ಬರೆದಿಡಿಸಲು ತೊಡಗಿದ ಮೇಲೆ

ಗಣಿತ ಪಾಠ ಮಾಡುವ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಈ ಅಧ್ಯಾಯವನ್ನು ಒಂದು ವಾಕ್ಯದಿಂದ ಶುರುಮಾಡುತ್ತಿದ್ದೆ. ಛೇದ ಸೊನ್ನೆಯಾಗದಂತೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದದ್ದು ಭಾಗಲಬ್ಧ ಸಂಖ್ಯೆ, ಹಾಗೆ ಬರೆಯಲಾಗದ್ದು ಅಭಾಗಲಬ್ಧ ಸಂಖ್ಯೆ. ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕಗಳನ್ನೂ ಪಡೆಯುತ್ತಿದ್ದರು.

ಒಂದು ದಿನ ಒಬ್ಬಳು ಹುಡುಗಿ 1ನ್ನು 17ರಿಂದ ಭಾಗಿಸಿ ಕ್ಯಾಲ್ಕುಲೇಟರನ್ನು ನನ್ನ ಮುಂದೆ ಹಿಡಿದಳು. ಪರದೆಯ ಮೇಲೆ 0.0588235 ಎಂದಿತ್ತು. "ಟೀಚರ್, ಯಾವ ಗುಂಪೂ ಮತ್ತೆ ಬರುತ್ತಿಲ್ಲ. ಇದು ಅಭಾಗಲಬ್ಧ ಅಲ್ಲವೇ?" ಭಿನ್ನರಾಶಿಯನ್ನು ತಾನೇ ಬರೆದುಕೊಂಡಿದ್ದವಳು ಕೇಳಿದ ಪ್ರಶ್ನೆ ಅದು. ವ್ಯಾಖ್ಯೆ ಬಾಯಲ್ಲಿತ್ತು, ಕಣ್ಣು ಮಾತ್ರ ಅಂಕಿಗಳ ಮೇಲಿತ್ತು. ಆ ತಪ್ಪು ನನ್ನ ಪಾಠದ್ದೇ ಎಂದು ಇಂದಿಗೂ ನಂಬಿದ್ದೇನೆ.

ಮರುದಿನದಿಂದ ಕ್ಯಾಲ್ಕುಲೇಟರನ್ನು ಬದಿಗಿಡಿಸಿ, 1ನ್ನು 7ರಿಂದ ಕೈಯಲ್ಲೇ ಭಾಗಿಸಲು ಹೇಳಿದೆ. ಉತ್ತರದಲ್ಲಿ ಬರುವ ಅಂಕಿಗಳನ್ನಲ್ಲ, ಪ್ರತಿ ಹೆಜ್ಜೆಯಲ್ಲಿ ಉಳಿಯುವ ಶೇಷವನ್ನು ಅಂಚಿನಲ್ಲಿ ಬರೆದಿಡಿ ಎಂದೆ. 3, 2, 6, 4, 5, ಕೊನೆಗೆ 1. ಹೊರಟದ್ದೂ 1ರಿಂದಲೇ! ಇನ್ನು ಮುಂದೆ ಅದೇ ದಾರಿಯನ್ನು ಮತ್ತೆ ತುಳಿಯದೆ ಗತ್ಯಂತರವಿಲ್ಲ. 7ರಿಂದ ಭಾಗಿಸಿದಾಗ ಸೊನ್ನೆಯನ್ನು ಬಿಟ್ಟರೆ ಆರೇ ಶೇಷಗಳು ಸಾಧ್ಯ. ಸೊನ್ನೆ ಬಂದರೆ ಭಾಗಾಕಾರ ಮುಗಿಯುತ್ತದೆ, ಬಾರದಿದ್ದರೆ ಹಳೆಯ ಶೇಷವೊಂದು ಮರಳಲೇಬೇಕು, ಅದರೊಂದಿಗೆ ಅಂಕಿಗಳ ಗುಂಪೂ ಆವರ್ತಿಸಲೇಬೇಕು. ಭಿನ್ನರಾಶಿಯಾಗಿ ಬರೆಯಬಹುದಾದ ಯಾವ ಸಂಖ್ಯೆಗೂ ಇದೇ ಗತಿ. 17ಕ್ಕೆ ಹದಿನಾರು ಶೇಷಗಳು ಸಾಧ್ಯ. ಆ ಹುಡುಗಿ ಹದಿನಾರು ಹೆಜ್ಜೆಗಳನ್ನೂ ಮಾಡಿ 0588235294117647 ಎಂಬ ಇಡೀ ಗುಂಪನ್ನು ಹಿಡಿದು ತಂದಳು. ಪರದೆ ಚಿಕ್ಕದಾಗಿತ್ತು, ಅಷ್ಟೇ.

ಆವರ್ತಿಸುವ ದಶಮಾಂಶದಿಂದ ಭಿನ್ನರಾಶಿಗೆ ಹಿಂದಕ್ಕೆ ಹೋಗುವುದು ಸುಲಭ. 0.272727… ಅನ್ನು ನೂರರಿಂದ ಗುಣಿಸಿ, ಅದರಿಂದ ಮೂಲ ಸಂಖ್ಯೆಯನ್ನು ಕಳೆದರೆ 99 ಪಾಲು 27ಕ್ಕೆ ಸಮ; ಅಂದರೆ ಅದು 3/11.

ನಾನು ತಪ್ಪದೆ ಕೊಡುವ ಇನ್ನೊಂದು ಸಂಖ್ಯೆ 0.101001000100001… ಇದರಲ್ಲಿ ಕ್ರಮವಿದೆ, ಮುಂದಿನ ಅಂಕಿಯನ್ನು ಯಾರು ಬೇಕಾದರೂ ಹೇಳಬಹುದು. ಆದರೂ ಸೊನ್ನೆಗಳ ಸಾಲು ಬೆಳೆಯುತ್ತಲೇ ಹೋಗುವುದರಿಂದ ಒಂದೇ ಗುಂಪು ಆವರ್ತಿಸುವುದಿಲ್ಲ. ಇದು ಅಭಾಗಲಬ್ಧ. ಕ್ರಮವೇ ಬೇರೆ, ಆವರ್ತನೆಯೇ ಬೇರೆ. ಪೈ ಎಂದರೆ 22/7 ಎಂಬ ಗೊಂದಲವೂ ಇಲ್ಲೇ ತಿಳಿಯಾಗುತ್ತದೆ: 22/7 ಎಂಬುದು 3.142857 ಎಂದು ಸುತ್ತು ಹಾಕುತ್ತದೆ, ಪೈ 3.14159 ಎಂದು ಮೂರನೆಯ ದಶಮಾಂಶ ಸ್ಥಾನದಲ್ಲೇ ಬೇರೆ ದಾರಿ ಹಿಡಿಯುತ್ತದೆ. ಪೈ ಅಭಾಗಲಬ್ಧವೆಂದು ಗಣಿತಜ್ಞ ಲ್ಯಾಂಬರ್ಟ್ 1760ರ ದಶಕದಲ್ಲಿ ಸಾಧಿಸಿದ್ದು ಶಾಲೆಯ ಗಣಿತಕ್ಕೆ ಎಟುಕುವಂಥದ್ದಲ್ಲ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಎರಡರ ವರ್ಗಮೂಲ ಹಾಗಲ್ಲ. ಅದಕ್ಕೆ ಸಮನಾದ ಭಿನ್ನರಾಶಿಯನ್ನು ಹುಡುಕಿ ತನ್ನಿ ಎಂದು ಮಕ್ಕಳನ್ನು ಬಿಟ್ಟುಬಿಡುತ್ತೇನೆ. 7/5 ತರುತ್ತಾರೆ: ಅಂಶದ ವರ್ಗ 49, ಛೇದದ ವರ್ಗದ ಎರಡರಷ್ಟು 50; ಇವೆರಡೂ ಸಮವಾಗಿದ್ದರೆ ಮಾತ್ರ ಗೆದ್ದಂತೆ. 17/12 ತರುತ್ತಾರೆ: 289, 288. ಯಜ್ಞವೇದಿಗಳ ಅಳತೆಯನ್ನು ಹೇಳುವ ಪ್ರಾಚೀನ ಗ್ರಂಥವಾದ ಶುಲ್ಬಸೂತ್ರದಲ್ಲಿ ಬೌಧಾಯನ ಎರಡರ ವರ್ಗಮೂಲಕ್ಕೆ ಕೊಡುವ ಬೆಲೆ 577/408ಕ್ಕೆ ಸಮ. ಅದನ್ನು ನಾನೇ ಬರೆದು ತೋರಿಸುತ್ತೇನೆ: 332929, 332928. ಪ್ರತಿ ಸಲವೂ ಒಂದೇ ಒಂದರ ಅಂತರ. ತರಗತಿ ಚಡಪಡಿಸಲಾರಂಭಿಸಿದಾಗ ಅಪವರ್ತನಗಳನ್ನು ಎಣಿಸಲು ಹೇಳುತ್ತೇನೆ. ಯಾವುದೇ ಪೂರ್ಣಾಂಕದ ವರ್ಗದಲ್ಲಿ 2 ಎಂಬ ಅಪವರ್ತನ ಸಮ ಸಂಖ್ಯೆಯಷ್ಟು ಸಲ ಬರುತ್ತದೆ. ಇನ್ನೊಂದು ವರ್ಗವನ್ನು 2ರಿಂದ ಗುಣಿಸಿದರೆ ಬೆಸ ಸಂಖ್ಯೆಯಷ್ಟು ಸಲ ಬರುತ್ತದೆ. ಇವೆರಡೂ ಸಮವಾಗುವುದು ಎಂದಿಗೂ ಸಾಧ್ಯವಿಲ್ಲ.

ಆಮೇಲೆ ಇದೇ ವಾದವನ್ನು 3ಕ್ಕೂ 9ಕ್ಕೂ ಹಚ್ಚಿ ನೋಡಲು ಹೇಳುತ್ತೇನೆ. 3ಕ್ಕೆ ಅದು ಹಾಗೆಯೇ ನಿಲ್ಲುತ್ತದೆ. 9ಕ್ಕೆ ಬಂದಾಗ ಮುರಿಯುತ್ತದೆ. ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂಬುದನ್ನು ಅವರೇ ಹಲಗೆಯ ಬಳಿ ಬಂದು ಬರೆಯುತ್ತಾರೆ: 9ರಲ್ಲಿ 3 ಎರಡು ಸಲ ಇದೆ.