ಬರೆಯುವ ಮೊದಲು ಕೊಂಡವರ ಮಾತು ಓದಿ

ಮಾರಾಟದ ಬರಹ ಕಲಿಯುತ್ತಿರುವವರಿಗೆ ನನ್ನ ಸಲಹೆ: ಬರೆಯಲು ಕೂರುವ ಮುನ್ನ ಆ ವಸ್ತುವನ್ನು ಕೊಂಡವರ ಮೆಚ್ಚುಗೆ, ದೂರು ಎರಡನ್ನೂ ಓದಿ, ಅವರು ಬಳಸಿದ ಪದಗಳನ್ನು ಹಾಗೆಯೇ ಬರೆದಿಟ್ಟುಕೊಳ್ಳಿ. ‘ಅತ್ಯುತ್ತಮ ಗುಣಮಟ್ಟ’ ಎಂದು ಯಾವ ಗ್ರಾಹಕರೂ ಮಾತನಾಡುವುದಿಲ್ಲ. ‘ಎರಡು ವರ್ಷವಾದರೂ ಹಿಡಿ ಸಡಿಲವಾಗಿಲ್ಲ’ ಎನ್ನುತ್ತಾರೆ. ಓದುಗರು ನಂಬುವುದು ಇದನ್ನೇ.

1958ರಲ್ಲಿ ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಕಾರಿನ ಜಾಹೀರಾತಿನ ತಲೆಬರಹಕ್ಕೆ ಆರಿಸಿಕೊಂಡದ್ದೂ ಇಂಥದೇ ವಿವರ: ಗಂಟೆಗೆ 60 ಮೈಲಿ ವೇಗದಲ್ಲಿ ಕೇಳಿಸುವ ಅತಿ ದೊಡ್ಡ ಸದ್ದು ಒಳಗಿನ ವಿದ್ಯುತ್ ಗಡಿಯಾರದ್ದು. ಕಾರು ಎಷ್ಟು ನಿಶ್ಶಬ್ದ ಎಂದು ಬೇರೆ ಹೇಳಬೇಕಾಗಿಯೇ ಇಲ್ಲ!

ಬರೆದ ಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ವಾಕ್ಯವನ್ನು ಒಡೆಯಿರಿ. ಮೊದಲ ಪ್ಯಾರಾವನ್ನು ಅಳಿಸಿಯೂ ನೋಡಿ. ನನ್ನ ಕರಡುಗಳಲ್ಲಿ ನಿಜವಾದ ಆರಂಭ ಹೆಚ್ಚಾಗಿ ಎರಡನೆಯದರಲ್ಲಿ ಸಿಕ್ಕಿದೆ.