ಪಿಡಿಎಸ್ 456ರ ಗಾಳಿಯ ರೋಹಿತಕ್ಕೆ ಮಾದರಿ ಹೊಂದಿಸುವುದು

ಪಿಡಿಎಸ್ 456 ಒಂದು ಕ್ವೇಸಾರ್, ಅಂದರೆ ಅನಿಲ ನುಂಗುತ್ತ ಉಜ್ವಲವಾಗಿ ಹೊಳೆಯುವ ದೈತ್ಯ ಕಪ್ಪುರಂಧ್ರವಿರುವ ಗೆಲಾಕ್ಸಿ ಕೇಂದ್ರ. ಇದರ ಕೆಂಪುಪಲ್ಲಟ (ವಿಶ್ವದ ಹಿಗ್ಗುವಿಕೆಯಿಂದ ಬೆಳಕಿನ ತರಂಗ ಉದ್ದವಾಗುವ ಪ್ರಮಾಣ) 0.184. ಇದರ ಎಕ್ಸ್-ಕಿರಣ ರೋಹಿತದಲ್ಲಿ 7.6 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಮಾನ) ಆಸುಪಾಸು ಕಾಣುವ ಅಗಲವಾದ ತಗ್ಗೇ ಕಪ್ಪುರಂಧ್ರದ ಗಾಳಿಯ, ಅಂದರೆ ಅದರ ಸುತ್ತಲಿಂದ ಹೊರಚಿಮ್ಮುವ ಅನಿಲದ ಗುರುತು. ಬರೀ ಗೌಸಿಯನ್ (ಗಂಟೆಯಾಕಾರದ ವಕ್ರರೇಖೆ) ಹಾಕಿ ವೇಗ ಹೇಳಿಬಿಡಬೇಡಿ. ಅಯಾನೀಕೃತ ಅನಿಲದ ರೋಹಿತ ಲೆಕ್ಕ ಹಾಕುವ ಎಕ್ಸ್‌ಸ್ಟಾರ್ ತಂತ್ರಾಂಶದಲ್ಲಿ ಹೀರಿಕೆಯ ಕೋಷ್ಟಕ ಕಟ್ಟಿ, ಅದನ್ನು ರೋಹಿತಕ್ಕೆ ಮಾದರಿ ಹೊಂದಿಸುವ ಎಕ್ಸ್‌ಸ್ಪೆಕ್ ತಂತ್ರಾಂಶದಲ್ಲಿ ಹೊಂದಿಸಿ.

ಮೊದಲು ಹಿನ್ನೆಲೆ ನೋಡಿಕೊಳ್ಳಿ. ಎಕ್ಸ್‌ಎಂಎಂ-ನ್ಯೂಟನ್ ಎಕ್ಸ್-ಕಿರಣ ದೂರದರ್ಶಕದ ಪಿಎನ್ ಕ್ಯಾಮೆರಾದೊಳಗಿನ ನಿಕ್ಕಲ್ 7.47, ತಾಮ್ರ 8.05 ಕೆಇವಿಯಲ್ಲಿ ಹೊಳೆಯುತ್ತವೆ. ಈ ಹೊಳಪು ನಡುವೆ ಕಡಿಮೆ, ಅಂಚಿನಲ್ಲಿ ಜಾಸ್ತಿ. ಅಂಚಿನ ಹಿನ್ನೆಲೆಯನ್ನು ನಡುವಿನ ಆಕರದಿಂದ ಕಳೆದರೆ ಇಲ್ಲದ ತಗ್ಗು ಹುಟ್ಟುತ್ತದೆ. ಬೇರೆ ಬೇರೆ ಜಾಗದ ಹಿನ್ನೆಲೆ ಕಳೆದು ತಾಳೆ ನೋಡಿ. 10 ಕೆಇವಿಯ ಮೇಲಕ್ಕೆ ನ್ಯೂಸ್ಟಾರ್ ದೂರದರ್ಶಕದ ದತ್ತಾಂಶವಿದ್ದರೆ ನಿರಂತರ ರೋಹಿತದ (ರೇಖೆಗಳಿಲ್ಲದ ನಯವಾದ ಭಾಗದ) ಮಟ್ಟ ಅಲುಗಾಡುವುದಿಲ್ಲ.

ಕೋಷ್ಟಕಕ್ಕೆ ಇದೇ ಕ್ವೇಸಾರ್‌ನ ನೇರಳಾತೀತದಿಂದ ಎಕ್ಸ್-ಕಿರಣದವರೆಗಿನ ಶಕ್ತಿ ಹಂಚಿಕೆ ಕೊಡಿ. ಅಯಾನೀಕರಣದ ಮಟ್ಟ (ಲಾಗ್ ಕ್ಸೈ) 3ರಿಂದ 6, ಸ್ತಂಭ ಸಾಂದ್ರತೆ (ನೋಟದ ದಾರಿಯಲ್ಲಿರುವ ಪರಮಾಣುಗಳ ಒಟ್ಟು ಸಂಖ್ಯೆ) ಚದರ ಸೆಂ.ಮೀ.ಗೆ 10²²ರಿಂದ 10²⁴ ಇರಲಿ. ರೇಖೆಯನ್ನು ಅಗಲಗೊಳಿಸುವ ಕ್ಷೋಭೆಯ ವೇಗ ಸೆಕೆಂಡಿಗೆ 5,000 ಕಿ.ಮೀ.ಯಿಂದ ಶುರುಮಾಡಿ. 200 ಕಿ.ಮೀ.ಯ ಸಿದ್ಧ ಕೋಷ್ಟಕದಲ್ಲಿ ರೇಖೆ ಬೇಗ ಪರ್ಯಾಪ್ತವಾಗುತ್ತದೆ, ಅಂದರೆ ಇನ್ನಷ್ಟು ಅನಿಲ ಸೇರಿಸಿದರೂ ಹೆಚ್ಚು ಬೆಳೆಯುವುದಿಲ್ಲ. ತಗ್ಗು ತುಂಬಿಸಲು ಸ್ತಂಭ ಸಾಂದ್ರತೆ ವಿಪರೀತ ಏರುತ್ತದೆ.

ಈಗ ನಿಜವಾದ ತೊಡಕು. ಗಾಳಿ ನಮ್ಮತ್ತ ಬರುವುದರಿಂದ ಕೋಷ್ಟಕದ ಪಲ್ಲಟ ಋಣ ಸಂಖ್ಯೆಯಾಗುತ್ತದೆ, ಕೆಳಮಿತಿಯನ್ನು −0.25ಕ್ಕೆ ಇಳಿಸಿ, ಎಕ್ಸ್‌ಸ್ಪೆಕ್‌ನ ಸ್ಟೆಪ್‌ಪಾರ್ ಆದೇಶದಿಂದ −0.20ರಿಂದ 0.10ರವರೆಗೆ 0.002ರ ಹೆಜ್ಜೆಯಲ್ಲಿ ಹುಡುಕಿ. ಒಂದೇ ತಗ್ಗಿಗೆ ಎರಡು ಉತ್ತರ ಸಿಗಬಹುದು. ಒಂದೇ ಎಲೆಕ್ಟ್ರಾನ್ ಉಳಿದ, ಹೈಡ್ರೋಜನ್‌ನಂಥ ಕಬ್ಬಿಣವಾದರೆ (6.97 ಕೆಇವಿ) −0.083, ಎರಡು ಉಳಿದ ಹೀಲಿಯಂನಂಥದ್ದಾದರೆ (6.70) −0.118. ಪಲ್ಲಟಕ್ಕೆ 1 ಕೂಡಿಸಿ, 1.184ರಿಂದ ಭಾಗಿಸಿ, ವರ್ಗ ಮಾಡಿ. ಅದು ‘ಕ’ ಆದರೆ, ಬೆಳಕಿನ ವೇಗಕ್ಕೆ ಹೋಲಿಸಿದ ಗಾಳಿಯ ವೇಗ (1−ಕ)/(1+ಕ): ಮೊದಲನೆಯದಕ್ಕೆ 0.25, ಎರಡನೆಯದಕ್ಕೆ 0.29. ಚಲನಶಕ್ತಿಯ ಹರಿವು ವೇಗದ ಘನದಂತೆ ಏರುವುದರಿಂದ, ಉಳಿದದ್ದೆಲ್ಲ ಸಮವಿದ್ದರೂ ಒಂದೂವರೆ ಪಟ್ಟು ವ್ಯತ್ಯಾಸ.

ಎರಡನೇ ರೇಖೆಯಿಂದ ಇದು ಬಗೆಹರಿಯುತ್ತದೆಂದು ನಂಬಬೇಡಿ: ಅವೇ ಎರಡು ಬಗೆಯ ಕಬ್ಬಿಣದ, 8.25 ಮತ್ತು 7.88 ಕೆಇವಿಯ ಬೀಟಾ ರೇಖೆಗಳು (ಮೊದಲ ರೇಖೆಗಿಂತ ಹೆಚ್ಚು ಶಕ್ತಿಯ ಮುಂದಿನ ರೇಖೆಗಳು) ಎರಡು ಪಕ್ಷದಲ್ಲೂ 9 ಕೆಇವಿ ಹತ್ತಿರವೇ ಬೀಳುತ್ತವೆ. ಕಡಿಮೆ ಶಕ್ತಿಯ ಕಡೆ ನೋಡಿ. ಅಯಾನೀಕರಣ ಕಡಿಮೆಯಿದ್ದರೆ ಸಿಲಿಕಾನ್, ಗಂಧಕದ ಹೀರಿಕೆಯೂ ಅದೇ ಪಲ್ಲಟದಲ್ಲಿ ಕಾಣಬೇಕು.

ಎಕ್ಸ್‌ರಿಸಂ ಉಪಗ್ರಹದ ರಿಸಾಲ್ವ್ ರೋಹಿತಮಾಪಕ 2024ರಲ್ಲಿ ಇಲ್ಲಿ ಬೆಳಕಿನ ವೇಗದ ಶೇ. 20–30ರ ನಡುವೆ ಐದು ಬೇರೆ ಬೇರೆ ವೇಗದ ಹರಿವುಗಳನ್ನು ಬಿಡಿಸಿ ತೋರಿಸಿತು. ಅಂಥ ದತ್ತಾಂಶಕ್ಕೆ ಎಕ್ಸ್‌ಸ್ಟಾರ್‌ನ ಎನ್‌ಸಿಎನ್2 (ಶಕ್ತಿಯ ಕಟ್ಟೆಗಳ ಸಂಖ್ಯೆ) ಮೌಲ್ಯವನ್ನು 9,999ರಿಂದ 1,00,000ಕ್ಕೆ ಏರಿಸಿ. ಹರಿವುಗಳನ್ನು ಒಂದೊಂದಾಗಿಯೇ ಸೇರಿಸುತ್ತ ಹೋಗಿ.

ತಗ್ಗು ನಿಜವೇ ಎಂದು ತಿಳಿಯಲು ಗಾಳಿಯಿಲ್ಲದ ಮಾದರಿಯಿಂದ ಎಕ್ಸ್‌ಸ್ಪೆಕ್‌ನ ಫೇಕ್‌ಇಟ್ ಆದೇಶ ಬಳಸಿ 1,000 ಕೃತಕ ರೋಹಿತ ಸೃಷ್ಟಿಸಿ, ಪ್ರತಿಯೊಂದರಲ್ಲೂ 7ರಿಂದ 10 ಕೆಇವಿ ಪೂರ್ತಿ ಜಾಲಾಡಿ. ತಗ್ಗು ಸಿಕ್ಕ ಜಾಗದಲ್ಲಷ್ಟೇ ಹುಡುಕಿದರೆ ಖಚಿತತೆ ಸುಳ್ಳಾಗಿ ಹೆಚ್ಚುತ್ತದೆ.