ಒಂದು ಗೇಣು ವೈರು, ಒಂದು ಡಿಕ್ಕಿ ಬಾಗಿಲು

ನಮ್ಮ ಕಾರಿನ ಡಿಕ್ಕಿ ಸ್ವಿಚ್ ಒತ್ತಿದ ಕೂಡಲೇ ಟಪ್ ಅಂತ ತೆರೆದುಕೊಳ್ಳಲು ಶುರುವಾಗಿ ಎರಡು ಮಳೆಗಾಲ ಕಳೆಯಿತು. ನಾನೇ ಮನೆಯಲ್ಲಿ ರಿಪೇರಿ ಮಾಡಿದ ಮೇಲೆ ಒಮ್ಮೆಯೂ ಕೈಕೊಟ್ಟಿಲ್ಲ. "ಇದು ಮನೇಲಿ ಆಗೋ ಕೆಲಸ ಅಲ್ಲ ಸಾರ್" ಅಂದ ಗ್ಯಾರೇಜಿನವನೂ, "ಭಾವ, ಸುಮ್ನೆ ಹೊಸ ಲಾಕ್ ಹಾಕಿಸಿ" ಅಂತಿದ್ದ ನನ್ನ ಭಾವಮೈದನೂ ಈಗ ಮಾತಾಡುತ್ತಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಗಾಡಿ ಏಳು ಸೀಟಿನದು, ಆಗ ಒಂಬತ್ತು ವರ್ಷ ಹಳೆಯದು. ಹಿಂಬಾಗಿಲಿಗೆ ಕೀ ಹಾಕುವ ತೂತೇ ಇಲ್ಲ. ನಂಬರ್ ಪ್ಲೇಟಿನ ಮೇಲೊಂದು ರಬ್ಬರ್ ಸ್ವಿಚ್, ಅಷ್ಟೇ. ಅದು ಕೆಲಸ ಮಾಡದಿದ್ದರೆ ಹಿಂದಿನ ಸೀಟು ಮಡಚಿ, ಒಳಗೆ ತೆವಳಿ, ಬಾಗಿಲಿನ ಸಣ್ಣ ಮುಚ್ಚಳ ಕಿತ್ತು, ಸ್ಕ್ರೂಡ್ರೈವರಿನಿಂದ ಲಾಕನ್ನು ತಳ್ಳಬೇಕು. ಮೊದಲು ವಾರಕ್ಕೊಮ್ಮೆ ಹಟ ಹಿಡಿಯುತ್ತಿತ್ತು. ಆಮೇಲೆ ದಿನಾ.

ತೀರ್ಥಹಳ್ಳಿಯಲ್ಲಿ ಅತ್ತೆ ಮನೆಯಿಂದ ಹೊರಟಾಗ ಡಿಕ್ಕಿಗೆ ಎರಡು ಹಲಸಿನ ಹಣ್ಣು ಹಾಕಿದ್ದರು. ಶಿವಮೊಗ್ಗದ ಮನೆ ಮುಂದೆ ಬಂದರೆ ಬಾಗಿಲು ತೆರೆಯಲೇ ಇಲ್ಲ. ಸುರಿಯುವ ಮಳೆ, ಕೈಗೆ ಸ್ಕ್ರೂಡ್ರೈವರೂ ಸಿಗಲಿಲ್ಲ. ಹಣ್ಣನ್ನು ಸೀಟಿನ ಮೇಲಿಂದಲೇ ಎಳೆದೆ. ಮೇಣ ಸೀಟಿಗೆ ಹತ್ತಿತು. ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದೆ, ಆ ಕಲೆ ಇವತ್ತಿಗೂ ಇದೆ.

ಸರ್ವಿಸ್ ಸೆಂಟರಿನಲ್ಲಿ ಲಾಕ್ ಅಸೆಂಬ್ಲಿ ಬದಲಾಯಿಸಬೇಕು ಅಂದರು. ಕೂಲಿ ಸೇರಿ ಏಳು ಸಾವಿರದ ಹತ್ತಿರ. ನಾನು ಜಾಣತನ ತೋರಿಸಲು ಹೋಗಿ ಮೊದಲು ಸ್ವಿಚ್ ಬದಲಾಯಿಸಿದೆ. ಎಂಟುನೂರೈವತ್ತು ಹೋಯಿತು. ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಆಮೇಲೆ ವೋಲ್ಟೇಜ್ ಅಳೆಯುವ ಮೀಟರ್ ಹಿಡಿದೆ. ಮಗನಿಗೆ ಸ್ವಿಚ್ ಒತ್ತಲು ಹೇಳಿ ಲಾಕಿನ ಪ್ಲಗ್ಗಿನಲ್ಲಿ ನೋಡಿದರೆ ಸುಮಾರು ಹನ್ನೆರಡು ವೋಲ್ಟ್ ಬಂದು ಹೋಗುತ್ತಿತ್ತು. ಕರೆಂಟ್ ಬರುತ್ತಿದೆ, ಮೋಟಾರ್ ತಿರುಗುತ್ತಿಲ್ಲ, ಅಂದರೆ ಮೋಟಾರೇ ಸತ್ತಿದೆ ಅಂತ ತೀರ್ಮಾನಿಸಿದೆ. ಬೆಂಗಳೂರಿಗೆ ಹೋದಾಗ ಶಿವಾಜಿನಗರದ ಗುಜರಿಯಲ್ಲಿ ಸಾವಿರದ ಇನ್ನೂರು ಕೊಟ್ಟು ಹಳೆಯ ಲಾಕ್ ತಂದು ಹಾಕಿದೆ. ಅದೂ ತಿರುಗಲಿಲ್ಲ! ಸಿಟ್ಟು ಬಂದು ನನ್ನ ಮೂಲ ಲಾಕನ್ನೇ ನೇರ ಬ್ಯಾಟರಿಗೆ ಹಿಡಿದರೆ ಟಪ್, ಟಪ್, ಟಪ್. ಹೊಸದರ ಹಾಗಿದೆ. ಇದನ್ನು ಮೊದಲೇ ಮಾಡಬೇಕಿತ್ತು, ಅಲ್ವಾ?

ಮೋಸ ಮಾಡಿದ್ದು ಮೀಟರ್. ವೈರಿನ ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೋಟಾರಿಗೆ ಬೇಕಾದಷ್ಟು ಕರೆಂಟ್ ಆ ಎಳೆಯಲ್ಲಿ ಹರಿಯುವುದಿಲ್ಲ. ಹಳೆಯ ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಅದೇ ಪ್ಲಗ್ಗಿಗೆ ಹಿಡಿದೆ. ಕೆಂಡದ ಹಾಗೆ ಮಂಕಾಗಿ ಒಮ್ಮೆ ಮಿನುಗಿ ಆರಿತು. ಅಲ್ಲಿಗೆ ಕಳ್ಳ ಸಿಕ್ಕಿದ. ಇನ್ನೊಂದು ಸುಳಿವು ತಿಂಗಳಿಂದ ಕಣ್ಣೆದುರೇ ಇತ್ತು: ಬಾಗಿಲು ಎತ್ತಿ ಇಳಿಸುವಾಗ ನಂಬರ್ ಪ್ಲೇಟಿನ ದೀಪ ಮಿಣಮಿಣ ಅನ್ನುತ್ತಿತ್ತು. ನೋಡಿದ್ದೆ, ಬಲ್ಬ್ ಸಡಿಲ ಅಂದುಕೊಂಡಿದ್ದೆ.

ಛಾವಣಿಯಿಂದ ಬಾಗಿಲಿಗೆ ಹೋಗುವ, ಬಾಗಿಲು ಎತ್ತಿ ಇಳಿಸಿದಾಗಲೆಲ್ಲ ಮಡಚುವ ಸುಕ್ಕುಸುಕ್ಕು ರಬ್ಬರ್ ಪೈಪನ್ನು ಕಿತ್ತೆ. ಒಳಗೆ ಹನ್ನೊಂದೋ ಹನ್ನೆರಡೋ ವೈರು, ಜೊತೆಗೆ ಹಿಂದಿನ ಗಾಜು ತೊಳೆಯುವ ವಾಷರಿನ ನೀರಿನ ಕೊಳವೆ. ಕಣ್ಣಿಗೆ ಎಲ್ಲವೂ ಸರಿ. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಒಳಗೆ ತುಂಡಾದ ವೈರು ಚೂಯಿಂಗ್ ಗಮ್ಮಿನ ಹಾಗೆ ಹಿಗ್ಗುತ್ತದೆ. ಮೂರು ಹಾಗೆ ಹಿಗ್ಗಿದವು. ಅದರಲ್ಲಿ ದಪ್ಪ ಕಪ್ಪು ಅರ್ಥ್ ವೈರೂ ಒಂದು. ಸಿಪ್ಪೆ ಸುಲಿದರೆ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು.

ಅಲ್ಲೇ ಬೆಸುಗೆ ಹಾಕಿ, ಅದನ್ನು ಮುಚ್ಚುವ ಸ್ಲೀವ್ ಏರಿಸಿ, ಮೀಸೆ ತಿರುವಿದೆ. ಎರಡು ತಿಂಗಳಿಗೆ ಮತ್ತೆ ನಿಂತಿತು. ಬೆಸುಗೆ ಗಟ್ಟಿ ಕಡ್ಡಿಯಾಗಿತ್ತು, ಅದರ ಪಕ್ಕದಲ್ಲೇ ವೈರು ಮುರಿದಿತ್ತು. "ನಾನು ಹೇಳಿರಲಿಲ್ವಾ?" ಅಂತ ಗ್ಯಾರೇಜಿನವನು ನಕ್ಕ.

ಆಗ ಒಂದು ಪ್ರಯೋಗ ಮಾಡಿದೆ. ಅಡುಗೆ ಮನೆ ಬಾಗಿಲಿನ ಕೀಲಿನ (ಹಿಂಜ್) ಮೇಲೆ ಅಡ್ಡಲಾಗಿ ಎರಡು ವೈರು ಅಂಟಿಸಿ, ಹಳೆಯ ಮೊಬೈಲ್ ಚಾರ್ಜರಿನಿಂದ ಎರಡು ಎಲ್‌ಇಡಿ ಉರಿಸಿದೆ. ಒಂದು ಮಾಮೂಲಿ ವೈರು, ನಡುವೆ ಬೆಸುಗೆ. ಇನ್ನೊಂದು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸಿಲಿಕೋನ್ ಸಿಪ್ಪೆಯ ವೈರು, ಒಳಗೆ ಕೂದಲಿನಂಥ ಎಳೆಗಳದ್ದು. "ರೀ, ಇದೇನು ಬಾಗಿಲಿಗೆ ಡ್ರಿಪ್ ಹಾಕಿದ್ದೀರಾ?" ಅಂದಳು ಹೆಂಡತಿ. ಅವಳು ದಿನಕ್ಕೆ ನೂರು ಸಲವಾದರೂ ಆ ಬಾಗಿಲು ತೆರೆದು ಮುಚ್ಚಿರಬೇಕು. ಮೂರು ವಾರದೊಳಗೆ ಬೆಸುಗೆಯ ವೈರು ಸತ್ತಿತು. ಸಿಲಿಕೋನಿನದು ಹಬ್ಬಕ್ಕೆ ಬಾಗಿಲು ತೊಳೆಯುವಾಗ ಅವಳೇ ಕಿತ್ತು ಹಾಕುವವರೆಗೂ ಉರಿಯುತ್ತಿತ್ತು.

ಇಷ್ಟಾದ ಮೇಲೆ ಮಡಚುವ ಜಾಗದಲ್ಲಿ ಜೋಡಣೆಯೇ ಬೇಡ ಅಂತ ನಿರ್ಧರಿಸಿದೆ. ಛಾವಣಿ ಕಡೆ ಒಳಗೆ, ಬಾಗಿಲ ಕಡೆ ಒಳಗೆ, ಅಲುಗಾಡದ ಜಾಗ ನೋಡಿ ಹಳೆಯ ವೈರು ಕತ್ತರಿಸಿದೆ. ನಡುವೆ ಹೊಸ ಸಿಲಿಕೋನ್ ವೈರು ಹಾಕಿ, ಅಳತೆಗಿಂತ ಒಂದು ಗೇಣು ಜಾಸ್ತಿ ಬಿಟ್ಟೆ. ಬೆಸುಗೆಗಳು ಒಂದೇ ಕಡೆ ಗಂಟಾಗದ ಹಾಗೆ ಹಿಂದೆ ಮುಂದೆ ಮಾಡಿದೆ. ಸರಿ ಇದ್ದ ವೈರುಗಳನ್ನೂ ಬಿಡಲಿಲ್ಲ, ಇವತ್ತಲ್ಲ ನಾಳೆ ಅವೂ ಹೋಗುವವೇ. ಹಿಂದಿನ ಗಾಜಿನ ಮಂಜು ಕರಗಿಸುವ ಡಿಫಾಗರ್ ವೈರಿಗೆ ಮಾತ್ರ ದಪ್ಪದ್ದೇ ಹಾಕಬೇಕು, ಇಲ್ಲದಿದ್ದರೆ ಬಿಸಿಯಾಗುತ್ತದೆ. ಪೈಪಿನೊಳಗೆ ವೈರು ಎಳೆಯಲು ಬೈಕಿನ ಹಳೆ ಕ್ಲಚ್ ಕೇಬಲ್ಲಿನ ಒಳತಂತಿ ಬಳಸಿದೆ. ಆದರೆ ಆ ರಬ್ಬರ್ ಪೈಪಿನ ತುದಿಯನ್ನು ಹರಿಯದಂತೆ ಮತ್ತೆ ತೂತಿಗೆ ಕೂರಿಸಿದ್ದು ಹೇಗೆ ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಒಂದು ಇಡೀ ಭಾನುವಾರ ಹೋಗಿದೆ.

ಬ್ಯಾಟರಿ ಬಿಚ್ಚುವುದು ಮರೆತು ಒಂದು ಫ್ಯೂಸ್ ಸುಟ್ಟೆ, ಅದೂ ಲೆಕ್ಕಕ್ಕಿರಲಿ. ವೈರು, ಸ್ಲೀವ್, ಫ್ಯೂಸ್ ಎಲ್ಲಾ ಸೇರಿ ನಾಲ್ಕುನೂರು ಚಿಲ್ಲರೆ. ಅದಕ್ಕೂ ಮೊದಲು ನೀರಿಗೆ ಹಾಕಿದ್ದು ಎರಡು ಸಾವಿರದ ಮೇಲೆ. ಗುಜರಿ ಲಾಕ್ ಇನ್ನೂ ಅಟ್ಟದ ಮೇಲಿದೆ, ಬೇಕಾದವರಿಗೆ ಎಂಟುನೂರಕ್ಕೆ ಕೊಡುತ್ತೇನೆ.

ಕ್ಲಚ್ ತಂತಿ ಉಳಿದಿತ್ತಲ್ಲ, ಅದನ್ನು ಲಾಕಿನ ಕೊಂಡಿಗೆ ಕಟ್ಟಿ ಮುಚ್ಚಳದ ಹಿಂದೆ ಸುತ್ತಿಟ್ಟೆ. ಯಾವತ್ತಾದರೂ ಕರೆಂಟ್ ಕೈಕೊಟ್ಟರೆ ಎಳೆದರಾಯಿತು, ಸ್ಕ್ರೂಡ್ರೈವರ್ ಹುಡುಕಬೇಕಿಲ್ಲ. ಇಲ್ಲಿಯವರೆಗೆ ಎಳೆಯುವ ಪ್ರಮೇಯ ಬಂದಿಲ್ಲ.

ಒಂದು ಎಡವಟ್ಟು ಮಾತ್ರ ಉಳಿದಿದೆ. ಹಿಂದಿನ ಗಾಜಿಗೆ ನೀರು ಚಿಮ್ಮುತ್ತಿಲ್ಲ. ಪೈಪಿನೊಳಗೆ ವೈರು ತುರುಕುವಾಗ ಆ ಕೊಳವೆಯನ್ನು ಎಲ್ಲೋ ಮಡಚಿಬಿಟ್ಟಿದ್ದೇನೆ. ಮತ್ತೆ ಪೈಪ್ ಕೀಳಬೇಕಲ್ಲ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಓಡಿಸುತ್ತಿದ್ದೇನೆ.